ಬಾಟಲಿಯಿಂದ ಲೋಟಕ್ಕೆ, ಹಾಲಿನಿಂದ ತಟ್ಟೆಗೆ

ಮಗುವಿನ ಮೊದಲ ಹುಟ್ಟುಹಬ್ಬ ಹತ್ತಿರ ಬರುತ್ತಿದ್ದಂತೆ ಮುಂಬಯಿಯ ಎಷ್ಟೋ ಕನ್ನಡ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಡಬ್ಬಿ ಹಾಲು ನಿಲ್ಲಿಸುವುದು ಯಾವಾಗ? ಪ್ಯಾಕೆಟ್ ಹಾಲು ಜೀರ್ಣವಾದೀತೇ, ನೀರು ಬೆರೆಸಬೇಕೇ? ಬಾಟಲಿ ಬಾಯಿಗಿಡದೆ ನಿದ್ದೆಯನ್ನೇ ಮಾಡದ ಮಗು ಲೋಟದಲ್ಲಿ ಕುಡಿದೀತೇ? ಉಡುಪಿಯಿಂದಲೋ ಧಾರವಾಡದಿಂದಲೋ ಬಂದಿರುವ ಅಜ್ಜಿಯದು ಒಂದು ಮಾತು, ಪಾಳಣಾಘರದಲ್ಲಿ ಮಗುವನ್ನು ನೋಡಿಕೊಳ್ಳುವವರದು ಇನ್ನೊಂದು. ಡಬ್ಬಿಯ ಮೇಲೆ ಅಚ್ಚಾದ ಮೂರನೇ ಹಂತ, ನಾಲ್ಕನೇ ಹಂತ ಎಂಬ ಅಂಕೆಗಳು ಹೇಳುವುದು ಮತ್ತೊಂದು. ತಾಯಿ ತಂದೆ ನಡುವೆ ಸಿಕ್ಕಿಕೊಳ್ಳುತ್ತಾರೆ.

ಇಲ್ಲಿ ಯಾವ ಹಾಲು, ಯಾವ ಪಾತ್ರೆ ಎಂಬ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅವುಗಳ ಹಿಂದೆ ಹೆಚ್ಚಿನವರು ಕೇಳದೇ ಬಿಡುವ ಮೂರನೆಯದೊಂದಿದೆ: ಎಷ್ಟು ಹಾಲು? ವರ್ಷ ತುಂಬಿದ ಮಗುವಿನ ಆರೋಗ್ಯದ ಮಟ್ಟಿಗೆ ಮೂರನೆಯದೇ ದೊಡ್ಡದು. ಒಂದು ಹಾಲಿನ ಜಾಗಕ್ಕೆ ಇನ್ನೊಂದು ಹಾಲು ಬಂದರೆ ಬದಲಾವಣೆ ಮುಗಿಯಲಿಲ್ಲ. ಹಾಲು ಊಟಕ್ಕೆ ಜಾಗ ಬಿಟ್ಟುಕೊಟ್ಟಾಗ ಮಾತ್ರ ಮುಗಿಯಿತು. ಆ ಜಾಗ ಬಿಡಿಸಿಕೊಡುವ ಸಾಧನವೇ ಲೋಟ.

ಈ ಲೇಖನ ಬಾಟಲಿ ಕೊಟ್ಟ ತಾಯಂದಿರ ಮೇಲಿನ ದೂರಲ್ಲ. 2017ರ ತಿದ್ದುಪಡಿಯ ನಂತರ ಕಾನೂನು ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ಹೆರಿಗೆ ರಜೆ ಕೊಡುತ್ತದೆ. ಅಂದರೆ ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ ತಾಯಿ ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ಲೋಕಲ್ ಹಿಡಿಯಬೇಕು. ಮನೆಗೆಲಸದವರಿಗೆ, ಕಟ್ಟಡ ಕಾರ್ಮಿಕರಿಗೆ, ಬೀದಿಬದಿಯಲ್ಲಿ ಮಾರುವವರಿಗೆ ವಾಸ್ತವದಲ್ಲಿ ಆ ರಜೆಯೂ ಇಲ್ಲ. ಬೆಳಗ್ಗೆ ಏಳಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಮರಳುವವರಿಗೆ ಬಾಟಲಿ ಅನಿವಾರ್ಯವಾಗಿ ಬಂದಿರುತ್ತದೆ. ಎದೆಹಾಲು ಮುಂದುವರಿದಿದ್ದರೆ ಎರಡು ವರ್ಷದವರೆಗೆ, ಅದರ ಆಚೆಗೂ ಮುಂದುವರಿಯಲಿ. ಅಂಥ ಮಗು ಬಾಟಲಿಯ ಮೆಟ್ಟಿಲು ಹತ್ತದೆ ನೇರವಾಗಿ ಲೋಟಕ್ಕೆ ಬರಬಹುದು. ಈಗಾಗಲೇ ಬಾಟಲಿ ಮತ್ತು ಫಾರ್ಮುಲಾ, ಅಂದರೆ ಡಬ್ಬಿ ಹಾಲು, ಹಿಡಿದಿರುವ ಮಗುವನ್ನು ಮುಂದಕ್ಕೆ ಕರೆದೊಯ್ಯುವುದು ಹೇಗೆ ಎಂಬುದು ಇಲ್ಲಿನ ವಿಷಯ.

ಒಂದು ವರ್ಷ ಎಂಬ ಗಡಿ ಎಲ್ಲಿಂದ ಬಂತು?

ಹಸುವಿನ ಹಾಲು ಕರುವಿಗಾಗಿ ರೂಪುಗೊಂಡದ್ದು. ಕರು ಹುಟ್ಟಿದ ದಿನವೇ ಎದ್ದು ನಿಲ್ಲುತ್ತದೆ, ಕೆಲವೇ ವಾರಗಳಲ್ಲಿ ಅದರ ತೂಕ ಇಮ್ಮಡಿಯಾಗುತ್ತದೆ. ಮನುಷ್ಯರ ಮಗುವಿನ ತೂಕ ಇಮ್ಮಡಿಯಾಗಲು ಸುಮಾರು ಐದು ತಿಂಗಳು ಬೇಕು. ಈ ವ್ಯತ್ಯಾಸ ಹಾಲಿನ ರಚನೆಯಲ್ಲೇ ಇದೆ. ತಾಯಿಯ ಹಾಲಿನಲ್ಲಿ 100 ಮಿಲಿಲೀಟರಿಗೆ ಸುಮಾರು 1 ಗ್ರಾಂ ಪ್ರೋಟೀನ್ ಇದ್ದರೆ ಹಸುವಿನ ಹಾಲಿನಲ್ಲಿ 3 ಗ್ರಾಂಗೂ ಹೆಚ್ಚು, ಎಮ್ಮೆಯ ಹಾಲಿನಲ್ಲಿ 4 ಗ್ರಾಂನಷ್ಟು. ಸೋಡಿಯಂ, ಕ್ಯಾಲ್ಸಿಯಂ, ರಂಜಕದಂಥ ಖನಿಜಗಳೂ ಪ್ರಾಣಿಗಳ ಹಾಲಿನಲ್ಲಿ ಹಲವು ಪಟ್ಟು ಹೆಚ್ಚು. ಹೆಚ್ಚುವರಿ ಪ್ರೋಟೀನಿನ ಕಸವನ್ನೂ ಖನಿಜಗಳನ್ನೂ ಮೂತ್ರದಲ್ಲಿ ಹೊರಹಾಕಬೇಕಾದದ್ದು ಮೂತ್ರಪಿಂಡ. ಎಳೆಯ ಮಗುವಿನ ಮೂತ್ರಪಿಂಡಕ್ಕೆ ಮೂತ್ರವನ್ನು ದೊಡ್ಡವರಷ್ಟು ಸಾಂದ್ರಗೊಳಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಜ್ವರ ಬಂದಾಗ, ಭೇದಿಯಾದಾಗ, ಮುಂಬಯಿಯ ಮೇ ತಿಂಗಳ ಸೆಕೆಯಲ್ಲಿ ಬೆವರಿದಾಗ ಈ ಹೊರೆ ಮಗುವಿನ ದೇಹದ ನೀರನ್ನು ಬೇಗ ಖಾಲಿ ಮಾಡುತ್ತದೆ.

ಎರಡನೆಯ ಕಾರಣ ಕರುಳಿನದು. ವರ್ಷದೊಳಗಿನ ಕೆಲವು ಶಿಶುಗಳಿಗೆ ಮಾರ್ಪಾಡಿಲ್ಲದ ಹಸುವಿನ ಹಾಲೇ ಮುಖ್ಯ ಆಹಾರವಾದಾಗ ಕರುಳಿನ ಒಳಪದರದಿಂದ ಕಣ್ಣಿಗೆ ಕಾಣದಷ್ಟು ರಕ್ತ ಜಿನುಗುತ್ತದೆ. ಕಾಣದಷ್ಟಾದರೂ ದಿನದಿನವೂ ಹೋದರೆ ಕಬ್ಬಿಣದ ದಾಸ್ತಾನು ಕರಗುತ್ತದೆ. ವಯಸ್ಸು ಒಂದು ವರ್ಷದತ್ತ ಸಾಗಿದಂತೆ ಈ ಪ್ರವೃತ್ತಿ ತಾನಾಗಿ ಕುಗ್ಗುತ್ತದೆ.

ಫಾರ್ಮುಲಾ ಎಂದರೆ ಇದೇ ಹಾಲನ್ನು ಮಾರ್ಪಡಿಸಿ, ಪ್ರೋಟೀನ್ ಮತ್ತು ಖನಿಜಗಳನ್ನು ತಗ್ಗಿಸಿ, ಕೊಬ್ಬನ್ನು ಬದಲಿಸಿ, ಕಬ್ಬಿಣ ಮತ್ತು ವಿಟಮಿನ್‌ಗಳನ್ನು ಸೇರಿಸಿದ ಪುಡಿ. ತಾಯಿಯ ಹಾಲು ಸಿಗದ ಎಳೆಯ ಶಿಶುವಿಗೆ ಅದು ಬೇಕು. ವರ್ಷ ತುಂಬಿದ ಮಗುವಿನ ಮೂತ್ರಪಿಂಡ, ಕರುಳು, ಹಲ್ಲು, ದವಡೆಗಳು ಸಾಕಷ್ಟು ಬಲಿತಿರುತ್ತವೆ. ಮನೆಯ ಅಡುಗೆ ಉಣ್ಣುವ ಮಗುವಿಗೆ ಡಬ್ಬಿಯಿಂದ ಸಿಗುವ ವಿಶೇಷ ಲಾಭವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯ ಪ್ರಕಾರ ಎದೆಹಾಲಲ್ಲದ ಹಾಲು ಕುಡಿಯುವ 6ರಿಂದ 11 ತಿಂಗಳ ಮಕ್ಕಳಿಗೆ ಫಾರ್ಮುಲಾ ಅಥವಾ ಪ್ರಾಣಿಗಳ ಹಾಲು ಕೊಡಬಹುದು. 12ರಿಂದ 23 ತಿಂಗಳವರಿಗೆ ಕೊಡಬೇಕಾದದ್ದು ಪ್ರಾಣಿಗಳ ಹಾಲು. ಮುಂದಿನ ಹಂತಗಳ ಫಾರ್ಮುಲಾವನ್ನು ಅದು ಶಿಫಾರಸು ಮಾಡುವುದಿಲ್ಲ. ವರ್ಷದೊಳಗೆ ಪ್ರಾಣಿಗಳ ಹಾಲನ್ನು ಮುಖ್ಯ ಪಾನೀಯವಾಗಿಸಲು ಬಹಳಷ್ಟು ಮಕ್ಕಳ ವೈದ್ಯರು ಹಿಂಜರಿಯುತ್ತಾರೆ, ಮೇಲಿನ ಕಾರಣಗಳನ್ನು ನೋಡಿದರೆ ಆ ಎಚ್ಚರ ಸರಿಯೇ. ಆದರೆ ವರ್ಷದ ನಂತರ ದುಬಾರಿ ಡಬ್ಬಿಗಾಗಿ ಹಣ್ಣು, ಮೊಟ್ಟೆ, ಬೇಳೆಯ ಖರ್ಚನ್ನು ಮೊಟಕುಗೊಳಿಸುವ ಅಗತ್ಯ ಯಾವ ಮನೆಗೂ ಇಲ್ಲ.

ಕಬ್ಬಿಣದ ಲೆಕ್ಕ

ಈಗ ಎಷ್ಟು ಹಾಲು ಎಂಬ ಪ್ರಶ್ನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ 1ರಿಂದ 3 ವರ್ಷದ ಮಗುವಿಗೆ ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ, 8 ಮಿಲಿಗ್ರಾಂ ಕಬ್ಬಿಣ ಬೇಕು. ಹಸುವಿನ ಹಾಲಿನಲ್ಲಿ 100 ಮಿಲಿಲೀಟರಿಗೆ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಗಾಗಿ 400 ಮಿಲಿಲೀಟರಿನಲ್ಲೇ ದಿನದ ಅಗತ್ಯ ಹೆಚ್ಚುಕಡಿಮೆ ಪೂರೈಸುತ್ತದೆ. ಅದೇ 400 ಮಿಲಿಲೀಟರಿನಲ್ಲಿ ಸಿಗುವ ಕಬ್ಬಿಣ ಸುಮಾರು 0.2 ಮಿಲಿಗ್ರಾಂ. ಹಾಲನ್ನು ಇಮ್ಮಡಿ ಮಾಡಿದರೂ 8ರ ಹತ್ತಿರ ಸುಳಿಯುವುದಿಲ್ಲ. ಅದಲ್ಲದೆ ಹಾಲಿನ ಕ್ಯಾಲ್ಸಿಯಂ ಮತ್ತು ಕೇಸೀನ್ ಎಂಬ ಪ್ರೋಟೀನ್ ಊಟದಲ್ಲಿರುವ ಕಬ್ಬಿಣವನ್ನೂ ಹೀರಿಕೊಳ್ಳಲು ಅಡ್ಡಿಯಾಗುತ್ತವೆ.

ಹಸಿವಿನ ಲೆಕ್ಕವೂ ಇದೇ ದಾರಿಯದು. ಈ ವಯೋಮಾನದ ಮಗುವಿಗೆ ದಿನಕ್ಕೆ ಸರಾಸರಿ 1010 ಕಿಲೋಕ್ಯಾಲರಿ ಶಕ್ತಿ ಸಾಕೆಂದು ಅದೇ ಶಿಫಾರಸು ಹೇಳುತ್ತದೆ. ಆಗಷ್ಟೇ ವರ್ಷ ತುಂಬಿದ ಮಗುವಿಗೆ ಇನ್ನೂ ಕಡಿಮೆ ಸಾಕು. ಫುಲ್ ಕ್ರೀಮ್ ಹಾಲು ದಿನಕ್ಕೆ 800 ಮಿಲಿಲೀಟರ್ ಬಾಟಲಿಯಲ್ಲಿ ಹೋದರೆ ಸುಮಾರು 700 ಕಿಲೋಕ್ಯಾಲರಿ ಅದರಿಂದಲೇ ಬಂದುಬಿಡುತ್ತದೆ. ಉಳಿದ ಹೊಟ್ಟೆಗೆ ಅನ್ನ, ಬೇಳೆ, ಸೊಪ್ಪು, ಮೀನು ಎಷ್ಟು ಹಿಡಿದೀತು? 'ನಮ್ಮ ಮಗು ಏನೂ ತಿನ್ನುವುದಿಲ್ಲ ಡಾಕ್ಟ್ರೇ, ಹಾಲಿನ ಮೇಲೇ ಇದೆ' ಎನ್ನುವ ತಾಯಂದಿರ ದೂರಿನಲ್ಲಿ ಕಾರಣವೂ ಪರಿಣಾಮವೂ ಒಟ್ಟಿಗೇ ಇವೆ. ಹಾಲಿನ ಮೇಲೇ ಇರುವುದರಿಂದಲೇ ಅದು ತಿನ್ನುವುದಿಲ್ಲ.

ಇದು ಬೆರಳೆಣಿಕೆಯ ಮನೆಗಳ ತೊಂದರೆಯಲ್ಲ. 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 6ರಿಂದ 59 ತಿಂಗಳ ಮಕ್ಕಳಲ್ಲಿ ರಕ್ತಹೀನತೆ ದೇಶದಲ್ಲಿ ಶೇ. 67.1, ಮಹಾರಾಷ್ಟ್ರದಲ್ಲಿ ಶೇ. 68.9, ಕರ್ನಾಟಕದಲ್ಲಿ ಶೇ. 65.5. ಇದಕ್ಕೆಲ್ಲ ಹಾಲೇ ಕಾರಣವೆನ್ನುವಂತಿಲ್ಲ. ತಾಯಿಯ ರಕ್ತಹೀನತೆ, ಅವಧಿಗೆ ಮುಂಚಿನ ಹೆರಿಗೆ, ಪದೇ ಪದೇ ಬರುವ ಸೋಂಕು, ಬಡತನ ಎಲ್ಲವೂ ಸೇರಿವೆ. ಆದರೆ ಕಬ್ಬಿಣದ ಕೊರತೆಯ ಅಂಚಿನಲ್ಲಿರುವ ಮಗುವಿಗೆ ಊಟದ ಬದಲು ಹಾಲು ತುಂಬಿಸುವುದೆಂದರೆ ಆ ಅಂಚಿನಿಂದ ತಳ್ಳಿದಂತೆ. ಕಬ್ಬಿಣ ರಕ್ತಕ್ಕೆ ಮಾತ್ರ ಬೇಕಾದದ್ದಲ್ಲ. ಈ ವಯಸ್ಸಿನಲ್ಲಿ ವೇಗವಾಗಿ ಬೆಳೆಯುವ ಮೆದುಳಿಗೂ ಅದು ಬೇಕು.

ಪಾತ್ರೆ ಬದಲಾದರೆ ಪ್ರಮಾಣ ಬದಲಾಗುತ್ತದೆ

ಬಾಟಲಿಯಿಂದ ಕುಡಿಯುವುದೂ ಲೋಟದಿಂದ ಕುಡಿಯುವುದೂ ಬಾಯಿಗೆ ಎರಡು ಬೇರೆ ಕೆಲಸಗಳು. ನವಜಾತ ಶಿಶುವಿಗೆ ಚೀಪುವುದು ಹುಟ್ಟಿನಿಂದ ಬಂದ ಪ್ರತಿವರ್ತನ. ನಾಲಿಗೆ ಹಿಂದೆ ಮುಂದೆ ಅಲೆಯಂತೆ ಚಲಿಸುತ್ತದೆ, ಬಾಯೊಳಗೆ ಒತ್ತಡ ತಗ್ಗಿ ಹಾಲು ಒಳಬರುತ್ತದೆ. ಆರು ತಿಂಗಳ ಹೊತ್ತಿಗೆ ಬಾಯೊಳಗಿನ ಜಾಗ ಹೆಚ್ಚುತ್ತದೆ, ನಾಲಿಗೆ ಪಕ್ಕಕ್ಕೂ ಮೇಲಕ್ಕೂ ಚಲಿಸಲು ಕಲಿಯುತ್ತದೆ, ದವಡೆಗೆ ಸ್ಥಿರತೆ ಬರುತ್ತದೆ. ಲೋಟದಲ್ಲಿ ಕುಡಿಯುವಾಗ ಕೆಳದುಟಿ ಅಂಚಿಗೆ ಆನಿಕೊಳ್ಳಬೇಕು, ಮೇಲ್ದುಟಿ ಹಾಲನ್ನು ಮುಟ್ಟಿ ಮುಚ್ಚಿಕೊಳ್ಳಬೇಕು, ನಾಲಿಗೆ ಹಿಂದೆ ಸರಿದು ಗುಟುಕನ್ನು ಹಿಡಿಯಬೇಕು. ಅನ್ನವನ್ನು ಬಾಯಲ್ಲಿ ತಿರುಗಿಸಿ ಜಗಿಯಲು ಬೇಕಾದ ಹಿಡಿತವೂ ಇದೇ ಸ್ನಾಯುಗಳದ್ದು. ಆರು ತಿಂಗಳ ಮಗು ದೊಡ್ಡವರು ಹಿಡಿದ ಲೋಟದಿಂದ ಗುಟುಕರಿಸಬಲ್ಲದು, ಒಂಬತ್ತು ತಿಂಗಳಿಗೆ ಎರಡೂ ಕೈ ಚಾಚಿ ಹಿಡಿಯಲು ನೋಡುತ್ತದೆ, ಒಂದೂವರೆ ವರ್ಷದ ಹೊತ್ತಿಗೆ ಚೆಲ್ಲಿಕೊಂಡಾದರೂ ತಾನೇ ಕುಡಿಯುತ್ತದೆ.

ಇನ್ನೊಂದು ವ್ಯತ್ಯಾಸ ಎಚ್ಚರದ್ದು. ಬಾಟಲಿಯನ್ನು ಅರೆನಿದ್ದೆಯಲ್ಲೂ ಖಾಲಿ ಮಾಡಬಹುದು. ಹೊಟ್ಟೆ ತುಂಬಿದ್ದರೂ ಚೀಪುವ ಸುಖಕ್ಕೆ ಇನ್ನಷ್ಟು ಹಾಲು ಒಳಗೆ ಹೋಗುತ್ತದೆ. ಲೋಟದಲ್ಲಿ ಕುಡಿಯಬೇಕಾದರೆ ಮಗು ಕುಳಿತಿರಬೇಕು, ಎಚ್ಚರವಿರಬೇಕು, ತಾನೇ ಬಾಯಿ ತೆರೆಯಬೇಕು. ಸಾಕಾದಾಗ ಮುಖ ತಿರುಗಿಸುತ್ತದೆ, ಅಲ್ಲಿಗೆ ಮುಗಿಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಅಂಕಿಅಂಶಗಳನ್ನು ಆಧರಿಸಿ 2005ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ವರ್ಷದೊಳಗೆ ಬಾಟಲಿ ಬಿಟ್ಟ ಮಕ್ಕಳಲ್ಲಿ ಕಬ್ಬಿಣದ ಕೊರತೆ ಶೇ. 3.8 ಇದ್ದರೆ ಎರಡು ವರ್ಷದ ನಂತರವೂ ಬಾಟಲಿ ಹಿಡಿದವರಲ್ಲಿ ಶೇ. 12.4 ಇತ್ತು. ಇಂಥ ಅಧ್ಯಯನ ಸಂಬಂಧವನ್ನು ತೋರಿಸುತ್ತದೆಯೇ ಹೊರತು ಬಾಟಲಿಯೊಂದೇ ಕಾರಣವೆಂದು ಸಾಬೀತು ಮಾಡುವುದಿಲ್ಲ. ಆದರೂ ಮೇಲಿನ ಲೆಕ್ಕದೊಂದಿಗೆ ಅದು ಸರಿಯಾಗಿ ಹೊಂದುತ್ತದೆ.

ಹಲ್ಲಿನ ಮಾತು ಬೇರೆ. ಮೇಲಿನ ಮುಂಹಲ್ಲುಗಳು ಮೂಡುವುದೇ ಸುಮಾರು 8ರಿಂದ 12 ತಿಂಗಳಲ್ಲಿ. ಬಾಟಲಿ ಬಾಯಲ್ಲಿಟ್ಟುಕೊಂಡೇ ಮಗು ನಿದ್ದೆ ಹೋದರೆ ಹಾಲು ಆ ಎಳೆಯ ಹಲ್ಲುಗಳ ಸುತ್ತ ನಿಲ್ಲುತ್ತದೆ. ಎಚ್ಚರವಿದ್ದಾಗ ಜೊಲ್ಲು ಅದನ್ನು ತೊಳೆಯುತ್ತದೆ, ಆಮ್ಲವನ್ನು ತಟಸ್ಥಗೊಳಿಸುತ್ತದೆ. ನಿದ್ದೆಯಲ್ಲಿ ಜೊಲ್ಲು ಸುರಿಯುವುದೇ ಕಡಿಮೆ. ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ, ಹಲ್ಲಿನ ಎನಾಮಲ್ ಕರಗತೊಡಗುತ್ತದೆ. ಕೆಳಹಲ್ಲುಗಳನ್ನು ನಾಲಿಗೆ ಕಾಯುತ್ತದೆ, ಹಾಗಾಗಿ ಮೊದಲು ಕಪ್ಪಾಗುವುದು ಮೇಲಿನ ಮುಂಹಲ್ಲು. ಹಾಲಿಗೆ ಸಕ್ಕರೆಯನ್ನೋ ಮಾಲ್ಟ್ ಪುಡಿಯನ್ನೋ ಬೆರೆಸಿದರೆ ಹಾನಿ ಇನ್ನೂ ವೇಗವಾಗಿ ನಡೆಯುತ್ತದೆ. ಮಲಗಿಸಿ ಬಾಟಲಿ ಕೊಡುವುದರಿಂದ ಕಿವಿಯ ಸೋಂಕಿನ ಅಪಾಯವೂ ಹೆಚ್ಚು. ಮಕ್ಕಳಲ್ಲಿ ಗಂಟಲಿಗೂ ನಡುಗಿವಿಗೂ ಇರುವ ನಾಳ ಗಿಡ್ಡ ಮತ್ತು ಹೆಚ್ಚುಕಡಿಮೆ ಅಡ್ಡವಾಗಿರುತ್ತದೆ, ದ್ರವ ಸುಲಭವಾಗಿ ಅತ್ತ ಸರಿಯುತ್ತದೆ.

ಸಯನ್ ಆಸ್ಪತ್ರೆ ಮತ್ತು ಒಳಲೆ

ಲೋಟ ಬಾಟಲಿಗಿಂತ ಮುಂದಿನ ತರಗತಿ ಎಂಬ ಭಾವನೆ ಜನರಲ್ಲಿದೆ. ಇತಿಹಾಸ ಬೇರೆಯೇ. ಕರ್ನಾಟಕದ ಮನೆಗಳಲ್ಲಿ ಕೂಸಿಗೆ ಹಾಲು, ಹರಳೆಣ್ಣೆ, ಔಷಧಿ ಕುಡಿಸಲು ತಲೆಮಾರುಗಳಿಂದ ಬಳಸಿದ್ದು ಒಳಲೆ, ಅಂದರೆ ಮೂತಿ ಚಾಚಿದ ಪುಟ್ಟ ಬೆಳ್ಳಿಯ ಅಥವಾ ಹಿತ್ತಾಳೆಯ ಪಾತ್ರೆ. ತಮಿಳುನಾಡಿನಲ್ಲಿ ಅದೇ ಪಾಲಾಡೈ. ಮುಂಬಯಿಯ ಆಸ್ಪತ್ರೆಗಳಲ್ಲಿ ದಾದಿಯರು ಹೇಳುವ ವಾಟಿ ಚಮಚಾ ಕೂಡ ಇದೇ ಸಾಲಿನದು. ಚೀಪಲು ತ್ರಾಣವಿಲ್ಲದ, ದಿನ ತುಂಬದ ಕೂಸುಗಳಿಗೂ ಇವುಗಳಲ್ಲಿ ಹಾಲು ಕುಡಿಸುತ್ತಾರೆ. ಬಾಟಲಿ, ಲೋಟ ಮತ್ತು ಪಾಲಾಡೈಗಳನ್ನು ನವಜಾತ ಶಿಶುಗಳಲ್ಲಿ ಹೋಲಿಸಿ ಭಾರತದ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಾಲಾಡೈಯೇ ಚೆನ್ನಾಗಿ ಹೊಂದಿಕೊಂಡಿತ್ತು. ಅಷ್ಟು ಎಳೆಯ ಬಾಯಿಗೆ ಸಾಧ್ಯವಾದದ್ದು ವರ್ಷದ ಮಗುವಿಗೆ ಅಸಾಧ್ಯವಾಗಲಾರದು.

ಧಾರಾವಿಗೆ ಹೊಂದಿಕೊಂಡಿರುವ ಸಯನ್‌ನ ಲೋಕಮಾನ್ಯ ತಿಲಕ್ ಮುನ್ಸಿಪಲ್ ಆಸ್ಪತ್ರೆ ಈ ವಿಷಯದಲ್ಲಿ ಇಡೀ ದೇಶಕ್ಕೆ ಪಾಠ ಹೇಳಿದೆ. ಅಲ್ಲಿನ ನವಜಾತ ಶಿಶು ವಿಭಾಗವನ್ನು ಕಟ್ಟಿದವರು ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜಿನಲ್ಲಿ ಓದಿದ ಡಾ. ಆರ್ಮಿಡಾ ಫರ್ನಾಂಡಿಸ್. ಸೋಂಕಿನಿಂದ ಕೂಸುಗಳು ಸಾಯುತ್ತಿದ್ದ ಕಾಲದಲ್ಲಿ ಅವರೂ ಅವರ ಸಹೋದ್ಯೋಗಿಗಳೂ ದುಬಾರಿ ಯಂತ್ರಗಳಿಗೆ ಕಾಯಲಿಲ್ಲ. ಫಾರ್ಮುಲಾವನ್ನು ದೂರವಿಟ್ಟರು, ತಾಯಂದಿರನ್ನು ವಾರ್ಡಿನ ಒಳಗೆ ಕರೆದು ಆರೈಕೆಯಲ್ಲಿ ಪಾಲುದಾರರನ್ನಾಗಿಸಿದರು, ತಾಯಿಯ ಹಾಲನ್ನೇ ಮದ್ದಾಗಿ ಬಳಸಿದರು. 1989ರಲ್ಲಿ ಅಲ್ಲಿ ಏಷ್ಯಾದ ಮೊದಲ ಎದೆಹಾಲು ಬ್ಯಾಂಕ್ ಆರಂಭವಾಯಿತು. ದಾನವಾಗಿ ಬಂದ ಹಾಲನ್ನು ಇಂಥ ಬ್ಯಾಂಕುಗಳು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ, ಪರೀಕ್ಷಿಸಿ, ಬೇಕಾದ ಕೂಸುಗಳಿಗೆ ಕೊಡುತ್ತವೆ.

ನಂತರ ಕಾನೂನೂ ಬಂತು. 1992ರ ಶಿಶು ಹಾಲು ಬದಲಿಗಳು, ಹಾಲುಣಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳ ಕಾಯ್ದೆ ಫಾರ್ಮುಲಾ ಮತ್ತು ಬಾಟಲಿಗಳ ಜಾಹೀರಾತನ್ನು, ಉಚಿತ ಮಾದರಿ ಹಂಚುವುದನ್ನು, ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕುವುದನ್ನು ನಿಷೇಧಿಸಿತು. 2003ರ ತಿದ್ದುಪಡಿ ಎರಡು ವರ್ಷದವರೆಗಿನ ಮಕ್ಕಳ ಆಹಾರಕ್ಕೂ ಇದನ್ನು ವಿಸ್ತರಿಸಿತು. ಉಲ್ಲಂಘನೆಯ ಮೇಲೆ ಕಣ್ಣಿಡಲು ಅಧಿಕಾರ ಪಡೆದ ಸಂಸ್ಥೆಗಳಲ್ಲಿ ಮುಂಬಯಿಯ ಎಕಾಶ್ ಕೂಡ ಒಂದು. ಬಾಟಲಿ ಇಷ್ಟು ಬಿಗಿಯಾದ ಕಾನೂನಿನೊಳಗೆ ಬರಲು ಒಂದು ಕಾರಣ ಅದನ್ನು ಶುಚಿಯಾಗಿಡುವ ಕಷ್ಟ. ನಿಪ್ಪಲ್‌ನ ಒಳಮೈ, ಮುಚ್ಚಳದ ತಿರುಪು, ಬಾಟಲಿಯ ಕತ್ತು ಇವುಗಳಲ್ಲಿ ಹಾಲಿನ ಕೊಬ್ಬು ಅಂಟಿ ರೋಗಾಣುಗಳ ಪದರ ಬೆಳೆಯುತ್ತದೆ. ಮುಂಬಯಿಗೆ ಭಾತ್ಸಾ, ತಾನ್ಸಾ, ವೈತರಣಾಗಳಿಂದ ಶುದ್ಧೀಕರಿಸಿದ ನೀರು ಬಂದರೂ ಅದು ಬರುವುದು ದಿನದ ಕೆಲವೇ ಗಂಟೆ. ಉಳಿದ ಹೊತ್ತು ಅದು ಕಟ್ಟಡದ ಟಾಕಿಯಲ್ಲೋ ಚಾಳಿನ ಡ್ರಮ್ಮಿನಲ್ಲೋ ನಿಂತಿರುತ್ತದೆ, ಮಳೆಗಾಲದಲ್ಲಿ ಕೆಡುವುದು ಅಲ್ಲೇ. ಅಗಲ ಬಾಯಿಯ ಸ್ಟೀಲ್ ಲೋಟದಲ್ಲಿ ಕೊಳೆ ಅಡಗಲು ಮೂಲೆಯೇ ಇಲ್ಲ. ಸಾಬೂನು, ಬಿಸಿನೀರು, ಒಂದು ಕೈ ಸಾಕು.

ಯಾವ ಪ್ಯಾಕೆಟ್?

ಮುಂಬಯಿಯ ಹಾಲಿಗೂ ಒಂದು ಕಥೆಯಿದೆ. ನಗರದೊಳಗೆ ಕಿಕ್ಕಿರಿದಿದ್ದ ಎಮ್ಮೆಯ ತಬೇಲಾಗಳನ್ನು ಹೊರಗೆ ಸಾಗಿಸಲು 1949ರಲ್ಲಿ ಗೋರೆಗಾಂವ್‌ನಲ್ಲಿ ಆರೇ ಹಾಲು ಕಾಲೊನಿ ಶುರುವಾಯಿತು. ಅದರ ಹಿಂದಿದ್ದ ದಾರಾ ಖುರೋಡಿ ಟೋನ್ಡ್ ಹಾಲನ್ನು ಈ ನಗರಕ್ಕೆ ತಂದವರು. ಕೊಬ್ಬು ಹೆಚ್ಚಿರುವ ಎಮ್ಮೆ ಹಾಲಿಗೆ ಕೆನೆ ತೆಗೆದ ಹಾಲಿನ ಪುಡಿಯನ್ನೂ ನೀರನ್ನೂ ಸೇರಿಸಿ ಹೆಚ್ಚು ಜನರಿಗೆ ಕಡಿಮೆ ಬೆಲೆಯಲ್ಲಿ ಮುಟ್ಟಿಸುವ ಉಪಾಯ ಅದು. ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1946ರಲ್ಲಿ ಹುಟ್ಟಿದ ಸಹಕಾರ ಸಂಘ, ಈಗಿನ ಅಮುಲ್, ಬೆಳೆದದ್ದೂ ಮುಂಬಯಿಯ ಹಾಲಿನ ಬೇಡಿಕೆಯಿಂದಲೇ. ಎಮ್ಮೆ ಹಾಲು ಹೊಟ್ಟೆಯಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ, ಶಿಶು ಆಹಾರಕ್ಕೆ ಒಗ್ಗದು ಎಂಬ ನಂಬಿಕೆಯಿದ್ದ ಕಾಲದಲ್ಲಿ ಅದನ್ನು ಶಿಶುಗಳಿಗೆ ಹೊಂದುವಂತೆ ಮಾರ್ಪಡಿಸುವ ವಿಧಾನ ರೂಪಿಸಿದ್ದು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ. ಅಮುಲ್ ಅದನ್ನು ತಯಾರಿಕೆಗೆ ತಂದ ಮೇಲೆ ಆಮದು ಡಬ್ಬಿಗಳ ಮೇಲಿನ ಅವಲಂಬನೆ ತಗ್ಗಿತು.

ಇಂದು ಅಂಗಡಿಯಲ್ಲಿ ಸಿಗುವ ಪ್ಯಾಕೆಟ್‌ಗಳಲ್ಲಿ ಟೋನ್ಡ್ ಹಾಲಿನ ಕೊಬ್ಬು ಶೇ. 3, ಫುಲ್ ಕ್ರೀಮ್‌ನದು ಶೇ. 6, ಡಬಲ್ ಟೋನ್ಡ್‌ನದು ಶೇ. 1.5. ಹಸುವಿನ ಹಾಲು ಶೇ. 3.5ರ ಆಸುಪಾಸು. ಎರಡು ವರ್ಷದೊಳಗಿನ ಮಗುವಿನ ಮೆದುಳಿಗೂ ಬೆಳವಣಿಗೆಗೂ ಕೊಬ್ಬು ಬೇಕಾದ್ದರಿಂದ ಡಬಲ್ ಟೋನ್ಡ್ ಅಥವಾ ಕೆನೆ ತೆಗೆದ ಹಾಲು ಬೇಡ. ಹಸುವಿನ ಹಾಲು ಅಥವಾ ಟೋನ್ಡ್ ಹಾಲು ಸರಿಹೋಗುತ್ತದೆ. ಟೋನ್ಡ್ ಎಂದರೆ ಸತ್ವ ತೆಗೆದದ್ದು ಎಂಬ ಭಯ ಬೇಡ, ಕೊಬ್ಬಿನಲ್ಲಿ ಅದು ಹಸುವಿನ ಹಾಲಿಗೆ ಹತ್ತಿರವೇ ಇದೆ. ತೂಕ ಕಡಿಮೆಯಿರುವ ಮಗುವಿಗೆ ಫುಲ್ ಕ್ರೀಮ್ ಸೂಕ್ತವಾಗಬಹುದು. ವರ್ಷದ ನಂತರ ಹಾಲಿಗೆ ನೀರು ಬೆರೆಸಬೇಕಾಗಿಲ್ಲ. ಬೆರೆಸಿದರೆ ಹೊಟ್ಟೆ ತುಂಬುತ್ತದೆ, ಪೋಷಣೆ ತಗ್ಗುತ್ತದೆ. ತಬೇಲಾದ ಬಿಡಿ ಹಾಲನ್ನು ಚೆನ್ನಾಗಿ ಕುದಿಸಿಯೇ ಕೊಡಬೇಕು.

ಹೇಗೆ ಬಿಡಿಸುವುದು?

ಒಮ್ಮೆಗೆ ಒಂದೇ ಬದಲಾವಣೆ, ಇದೇ ಮೊದಲ ಸೂತ್ರ. ಹೊಸ ರುಚಿಯೂ ಹೊಸ ಪಾತ್ರೆಯೂ ಒಟ್ಟಿಗೆ ಬಂದರೆ ಮಗು ಎರಡನ್ನೂ ತಳ್ಳುತ್ತದೆ, ಯಾವುದು ಒಗ್ಗಲಿಲ್ಲ ಎಂದು ನಮಗೂ ತಿಳಿಯುವುದಿಲ್ಲ. ಆರು ತಿಂಗಳಿಂದಲೇ ಊಟದ ಜೊತೆ ಲೋಟದಲ್ಲಿ ಎರಡು ಗುಟುಕು ಕುದಿಸಿ ಆರಿಸಿದ ನೀರು ಕೊಡುತ್ತ ಬಂದರೆ ಅರ್ಧ ಕೆಲಸ ಆದಂತೆ. ಒಂಬತ್ತು ಹತ್ತು ತಿಂಗಳಲ್ಲಿ ಅದೇ ಫಾರ್ಮುಲಾವನ್ನು ಹಗಲಿನ ಒಂದು ಹೊತ್ತು ಲೋಟದಲ್ಲಿ ಕೊಡಬಹುದು. ವರ್ಷ ತುಂಬಿದ ಮೇಲೆ ಲೋಟದೊಳಗಿನ ಹಾಲನ್ನು ಬದಲಿಸಬಹುದು.

ಹಲವು ಮಕ್ಕಳು ಹಾಲಿನ ಬದಲಾವಣೆಯನ್ನು ಒಂದೇ ದಿನದಲ್ಲಿ ಒಪ್ಪಿಕೊಳ್ಳುತ್ತಾರೆ. ಒಪ್ಪದಿದ್ದರೆ ಡಬ್ಬಿಯ ಸೂಚನೆಯಂತೆ ನೀರಿನಲ್ಲಿ ಕಲಸಿದ ಫಾರ್ಮುಲಾಕ್ಕೆ ಕಾಲುಭಾಗ ಹಾಲು ಸೇರಿಸಿ, ಕೆಲವು ದಿನದ ನಂತರ ಅರ್ಧ, ಆಮೇಲೆ ಮುಕ್ಕಾಲು ಮಾಡುತ್ತ ಹೋಗಬಹುದು. ಫಾರ್ಮುಲಾ ಪುಡಿಯನ್ನು ಮಾತ್ರ ನೇರವಾಗಿ ಹಾಲಿಗೆ ಹಾಕಬಾರದು. ಅದು ಅತಿ ಸಾಂದ್ರವಾಗುತ್ತದೆ.

ಬಾಟಲಿ ಬಿಡಿಸುವಾಗ ಮೊದಲು ಮಧ್ಯಾಹ್ನದ್ದು, ಆಮೇಲೆ ಬೆಳಗಿನದು, ಕೊನೆಗೆ ರಾತ್ರಿಯದು ಎಂಬ ಕ್ರಮ ಸುಲಭ. ಒಂದನ್ನು ಬಿಟ್ಟು ಮಗು ಹೊಂದಿಕೊಂಡ ಮೇಲೆ ಮುಂದಿನದು. ಪುಟ್ಟ ಲೋಟ, ಅದರಲ್ಲಿ ಎರಡು ಬೆರಳಿನಷ್ಟು ಹಾಲು. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಅಂಚನ್ನು ಕೆಳದುಟಿಗೆ ತಾಗಿಸಿ, ಹಾಲು ತುಟಿ ಮುಟ್ಟುವಷ್ಟು ಓರೆ ಮಾಡಿ ಕಾಯಬೇಕು. ಬಾಯಿಗೆ ಸುರಿಯಬಾರದು, ಕೆಮ್ಮು ಬಂದು ಭಯ ಹುಟ್ಟುತ್ತದೆ. ಚೆಲ್ಲುತ್ತದೆ, ಚೆಲ್ಲಲಿ. ಮೂತಿಯಿರುವ ಮುಚ್ಚಳದ ಕಪ್ ಪ್ರಯಾಣಕ್ಕೆ ಅನುಕೂಲ, ಆದರೆ ಅದನ್ನೂ ಇಡೀ ದಿನ ಚೀಪಿದರೆ ಅದು ಬಾಟಲಿಯೇ.

ರಾತ್ರಿಯ ಬಾಟಲಿ ಎಲ್ಲಕ್ಕಿಂತ ಕಠಿಣ, ಏಕೆಂದರೆ ಅದು ಹಸಿವಿನದಲ್ಲ, ಸಮಾಧಾನದ್ದು. ಇಡೀ ದಿನ ತಾಯಿಯನ್ನು ಕಾಣದ ಮಗುವಿಗೆ ಆ ಹತ್ತು ನಿಮಿಷದ ಅಪ್ಪುಗೆ ಬಹಳ ದೊಡ್ಡದು. ಅಪ್ಪುಗೆಯನ್ನು ಉಳಿಸಿ, ಬಾಟಲಿಯನ್ನು ಮಾತ್ರ ಅದರಿಂದ ಬೇರ್ಪಡಿಸಬೇಕು. ಊಟದ ನಂತರ ಲೋಟದಲ್ಲಿ ಹಾಲು, ಹಲ್ಲುಜ್ಜುವುದು, ಆಮೇಲೆ ತೊಡೆ, ಜೋಗುಳ, ಕಥೆ. ನಡುರಾತ್ರಿ ಎದ್ದರೆ ನೀರು ಸಾಕು. ಆರೋಗ್ಯವಂತ ವರ್ಷದ ಮಗುವಿಗೆ ರಾತ್ರಿಯ ಹಾಲು ಬೇಕಾಗುವುದಿಲ್ಲ. ಕೆಲವು ರಾತ್ರಿ ಅಳು ಇರುತ್ತದೆ, ಮನೆಯವರೆಲ್ಲ ಒಂದೇ ಮಾತಿನಲ್ಲಿ ನಿಂತರೆ ಕಡಿಮೆಯಾಗುತ್ತದೆ. ಅಮ್ಮ ಕೊಡದ ಬಾಟಲಿಯನ್ನು ಅಜ್ಜ ಕೊಟ್ಟುಬಿಟ್ಟರೆ ಅಳು ಮರುದಿನಕ್ಕೆ ಇನ್ನಷ್ಟು ಜೋರಾಗುತ್ತದೆ.

ಲೋಟ ಬಂದ ಮೇಲೆ ಒಟ್ಟು ಹಾಲು ಕಡಿಮೆಯಾಗುವುದು ಸಹಜ, ಬೇಕಾದದ್ದೂ ಅದೇ. ದಿನಕ್ಕೆ 400ರಿಂದ 500 ಮಿಲಿಲೀಟರ್, ಎರಡು ಮೂರು ಹೊತ್ತಿಗೆ ಹಂಚಿ, ಸಾಕು. ಮೊಸರು, ಪನೀರ್ ಈ ಲೆಕ್ಕದೊಳಗೇ ಬರುತ್ತವೆ. ಹಾಲನ್ನೇ ಬೇಡವೆನ್ನುವ ಮಗುವಿಗೆ ಮೊಸರನ್ನ ಅದೇ ಕೆಲಸ ಮಾಡುತ್ತದೆ. ಹಸುವಿನ ಹಾಲಿನ ಅಲರ್ಜಿ ಇರುವವರು, ವಿಶೇಷ ಫಾರ್ಮುಲಾದಲ್ಲಿರುವವರು, ಅವಧಿಗೆ ಮುಂಚೆ ಹುಟ್ಟಿದವರು, ತೂಕ ಏರದವರು ಈ ಬದಲಾವಣೆಯನ್ನು ವೈದ್ಯರ ಜೊತೆ ಮಾತಾಡಿಯೇ ಮಾಡಬೇಕು. ಹಾಲು ಬದಲಿಸಿದ ಮೇಲೆ ಮೈಮೇಲೆ ದದ್ದು, ಪದೇ ಪದೇ ವಾಂತಿ, ಮಲದಲ್ಲಿ ರಕ್ತ ಕಂಡರೆ ತಡಮಾಡಬಾರದು.

ತೆರವಾದ ಜಾಗಕ್ಕೆ ಏನು?

ಹಾಲು ಬಿಟ್ಟುಕೊಟ್ಟ ಜಾಗವನ್ನು ಚಹಾದಲ್ಲಿ ಅದ್ದಿದ ಬಿಸ್ಕತ್ತು ತುಂಬಿದರೆ ಗೆದ್ದದ್ದನ್ನು ಸೋತಂತೆ. ಚಹಾದ ಟ್ಯಾನಿನ್ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ನಮ್ಮ ರಾಗಿ ಸರಿ, ಕರಾವಳಿಯ ಮಣ್ಣಿ, ಮರಾಠಿ ಮನೆಗಳ ನಾಚಣಿ ಸತ್ವ ಒಳ್ಳೆಯ ಆರಂಭ. ರಾಗಿಯ ಹೆಮ್ಮೆ ಮುಖ್ಯವಾಗಿ ಕ್ಯಾಲ್ಸಿಯಂ, ಅದರ ಕಬ್ಬಿಣ ಸುಲಭವಾಗಿ ಸಿಗುವುದಿಲ್ಲ. ಮೊಳಕೆ ಬರಿಸಿ ಒಣಗಿಸಿ ಪುಡಿ ಮಾಡಿದರೆ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತದೆ. ಆದರೆ ವರ್ಷದ ಮಗು ಸರಿಯಲ್ಲೇ ನಿಲ್ಲಬಾರದು. ಬೇಳೆ, ಕಾಳು, ಸೊಪ್ಪು ಹಾಕಿದ ಖಿಚಡಿಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಅದರ ವಿಟಮಿನ್ ಸಿ ಕರುಳು ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ. ತಿನ್ನುವ ಮನೆಗಳಲ್ಲಿ ಮೊಟ್ಟೆ, ಮುಳ್ಳು ಬಿಡಿಸಿದ ಮೀನು, ಚೆನ್ನಾಗಿ ಬೇಯಿಸಿ ಸಣ್ಣಗೆ ಮಾಡಿದ ಮಾಂಸ ಇನ್ನೂ ಒಳ್ಳೆಯದು. ಈ ಊಟಗಳ ಜೊತೆಗೇ ಹಾಲು ಕೊಡದೆ ಬೇರೆ ಹೊತ್ತಿಗೆ ಕೊಡುವುದು ಜಾಣತನ. ಇದಲ್ಲದೆ 2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಡಿ 6ರಿಂದ 59 ತಿಂಗಳ ಮಕ್ಕಳಿಗೆ ವಾರಕ್ಕೆ ಎರಡು ಬಾರಿ 1 ಮಿಲಿಲೀಟರ್ ಸಿರಪ್ ಕೊಡುವ ವ್ಯವಸ್ಥೆಯಿದೆ. ಅದರಲ್ಲಿ 20 ಮಿಲಿಗ್ರಾಂ ಕಬ್ಬಿಣವಿದೆ. ಅಂಗನವಾಡಿಯಲ್ಲಿ, ಪಾಲಿಕೆಯ ಆರೋಗ್ಯ ಕೇಂದ್ರದಲ್ಲಿ ಅದನ್ನು ಕೇಳಿ ಪಡೆಯಬೇಕು.

ಇದನ್ನೆಲ್ಲ ತಾಯಿಯೊಬ್ಬಳ ಹೆಗಲಿಗೇ ಹಾಕಿ ಕೈತೊಳೆದುಕೊಳ್ಳುವುದು ಅನ್ಯಾಯ. ಹಗಲಿನ ಹತ್ತು ಹನ್ನೆರಡು ಗಂಟೆ ಮಗು ಇರುವುದು ಪಾಳಣಾಘರದಲ್ಲಿ ಅಥವಾ ಅಜ್ಜಿಯ ಬಳಿ. ಬಾಟಲಿ ಕೊಟ್ಟು ಮಲಗಿಸುವುದು ಒಬ್ಬರೇ ಹಲವು ಮಕ್ಕಳನ್ನು ನೋಡಿಕೊಳ್ಳುವಾಗ ಸುಲಭ. ಲೋಟದಲ್ಲಿ ಕುಡಿಸಲು ಕೈ ಬೇಕು, ಹೊತ್ತು ಬೇಕು. 50 ಮತ್ತು ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರ ಒದಗಿಸಬೇಕೆಂದು ಕಾನೂನೇ ಹೇಳುತ್ತದೆ. ಕಟ್ಟಡ ಕಾಮಗಾರಿಗಳ ನಡುವೆ ಕಾರ್ಮಿಕರ ಮಕ್ಕಳಿಗಾಗಿ ಮುಂಬಯಿ ಮೊಬೈಲ್ ಕ್ರೆಶಸ್ 1972ರಿಂದ ಕೇಂದ್ರಗಳನ್ನು ನಡೆಸುತ್ತ ಬಂದಿದೆ. ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಪ್ರತಿ ಮಗುವಿಗೂ ಒಂದು ಲಸಿಕೆ ಕಾರ್ಡು ಇರುತ್ತದೆ. ಅದರಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಒಂಬತ್ತು ತಿಂಗಳು ತುಂಬಿದಾಗ, ಎರಡನೆಯದು 16ರಿಂದ 24 ತಿಂಗಳ ನಡುವೆ. ಈ ಎರಡು ಭೇಟಿಗಳನ್ನೇ ಗುರುತಾಗಿ ಇಟ್ಟುಕೊಳ್ಳಬಹುದು. ಮೊದಲನೆಯದರ ಹೊತ್ತಿಗೆ ಲೋಟದ ಅಭ್ಯಾಸ ಶುರುವಾಗಿರಲಿ, ಎರಡನೆಯದಕ್ಕೆ ಹೋಗುವಾಗ ಮನೆಯಲ್ಲಿ ಬಾಟಲಿ ಇರದಿರಲಿ. ಲಸಿಕೆ ಹಾಕುವ ದಾದಿ, ವೈದ್ಯರು, ಆಶಾ ಕಾರ್ಯಕರ್ತೆ ಆ ದಿನ ಮೂರು ಪ್ರಶ್ನೆ ಕೇಳಲಿ: ಮಗು ಹಾಲು ಕುಡಿಯುವುದು ಯಾವುದರಲ್ಲಿ? ದಿನಕ್ಕೆ ಎಷ್ಟು? ನಿನ್ನೆ ಉಂಡದ್ದೇನು? ಅವರು ಕೇಳದಿದ್ದರೆ ನಾವೇ ಹೇಳೋಣ. ಎರಡು ನಿಮಿಷದ ಈ ಮಾತಿಗೆ ಖರ್ಚಿಲ್ಲ, ಆದರೆ ನಮ್ಮ ಮಕ್ಕಳಲ್ಲಿ ಮೂವರಲ್ಲಿ ಇಬ್ಬರನ್ನು ಕಾಡುತ್ತಿರುವ ರಕ್ತಹೀನತೆಗೆ ಮನೆಯಿಂದಲೇ ಕೊಡಬಹುದಾದ ಉತ್ತರಗಳಲ್ಲಿ ಇದೂ ಒಂದು.